ಕೊಠಡಿ ಸಂಖ್ಯೆ ೨೩೭: ಒಂದು ಪ್ರೇತಕಥೆಯ ಐತಿಹಾಸಿಕ ಪರಿಶೀಲನೆ

ಚಲನಚಿತ್ರವನ್ನು ಇತಿಹಾಸದ ಆಧಾರವಾಗಿ ಸ್ವೀಕರಿಸಬಹುದೇ ಎಂಬ ಪ್ರಶ್ನೆ ಎದ್ದಾಗ ನಾವು ಸಾಮಾನ್ಯವಾಗಿ ರಾಜಮಹಾರಾಜರ ಕಥೆಗಳನ್ನು ನಿರೂಪಿಸುವ ಚಿತ್ರಗಳನ್ನೇ ಗಮನದಲ್ಲಿಟ್ಟುಕೊಂಡು ಉತ್ತರ ಹೇಳುತ್ತೇವೆ. ವೇಷಭೂಷಣ ಸರಿಯೇ, ಕಾಲನಿರ್ದೇಶ ಸರಿಯೇ ಎಂದು ಅಂಥ ಚಿತ್ರಗಳ ತಪ್ಪೊಪ್ಪುಗಳನ್ನು ಎಣಿಸುವುದು ಕಷ್ಟದ ಕೆಲಸವಲ್ಲ. ಆದರೆ ಇತಿಹಾಸದ ಗೊಡವೆಯೇ ತಮಗಿಲ್ಲವೆಂಬಂತೆ ತೋರುವ ಚಿತ್ರಗಳು, ಮುಖ್ಯವಾಗಿ ದೆವ್ವಭೂತಗಳ ಚಿತ್ರಗಳು, ಈ ಪರೀಕ್ಷೆಗೆ ಒಳಗಾಗುವುದು ವಿರಳ. ವಾಸ್ತವವಾಗಿ ಪ್ರೇತಕಥೆಯಷ್ಟು ಇತಿಹಾಸವನ್ನು ನೆಚ್ಚಿಕೊಂಡಿರುವ ಕಥಾಪ್ರಕಾರ ಇನ್ನೊಂದಿಲ್ಲ. ಪ್ರೇತವೆಂದರೆ, ಹಿಂದೊಮ್ಮೆ ಇಲ್ಲಿ ಏನೋ ನಡೆಯಿತು ಎಂಬ ಹೇಳಿಕೆ. ಹೇಳಿಕೆಯೊಂದು ಇದ್ದ ಮೇಲೆ ಅದಕ್ಕೆ ಆಧಾರವೇನೆಂದು ಕೇಳುವ ಹಕ್ಕು ಇತಿಹಾಸಕಾರನಿಗೆ ಉಂಟು.

ಸ್ಟಾನ್ಲಿ ಕ್ಯೂಬ್ರಿಕ್ ಅವರು ನಿರ್ದೇಶಿಸಿದ ‘ದಿ ಶೈನಿಂಗ್’ ೧೯೮೦ರಲ್ಲಿ ಬಿಡುಗಡೆಯಾಯಿತು. ಅದಕ್ಕೆ ಮೂಲ ಸ್ಟೀಫನ್ ಕಿಂಗ್ ಅವರು ೧೯೭೭ರಲ್ಲಿ ಅದೇ ಹೆಸರಿನಿಂದ ಪ್ರಕಟಿಸಿದ ಕಾದಂಬರಿ. ಕಥೆ ವಾಚಕರಲ್ಲಿ ಹಲವರಿಗೆ ತಿಳಿದೇ ಇರುವುದರಿಂದ ಇಲ್ಲಿ ವಿಸ್ತರಿಸಬೇಕಾದುದಿಲ್ಲ. ಉಪಾಧ್ಯಾಯ ವೃತ್ತಿಯನ್ನು ಕಳೆದುಕೊಂಡು ಬರೆಹಗಾರನಾಗ ಹೊರಟ ಜ್ಯಾಕ್ ಟಾರನ್ಸ್ ಎಂಬಾತ, ಅಮೆರಿಕದ ಕಾಲರಾಡೊ ಸಂಸ್ಥಾನದ ಪರ್ವತಗಳ ನಡುವೆ ಚಳಿಗಾಲದಲ್ಲಿ ಮುಚ್ಚಿರುವ ಓವರ್‌ಲುಕ್ ಎಂಬ ಹೋಟೆಲಿನ ಕಾವಲಿಗೆ ಹೆಂಡತಿ ಮತ್ತು ಚಿಕ್ಕ ಮಗನೊಡನೆ ಹೋಗುತ್ತಾನೆ. ಮಗನಿಗೆ ಕಳೆದುದನ್ನೂ ಬರಲಿರುವುದನ್ನೂ ಕಾಣುವ ಶಕ್ತಿಯಿದೆ. ಅದೇ ಶಕ್ತಿಯುಳ್ಳ ಅಡುಗೆಯ ಹಾಲೊರಾನ್ ೨೩೭ನೆಯ ಕೊಠಡಿಗೆ ಕಾಲಿಡಬೇಡವೆಂದು ಮಗುವಿಗೆ ವಿಧಿಸುತ್ತಾನೆ. ಮುಂದೆ ಜ್ಯಾಕ್ ಆ ಕೊಠಡಿಯನ್ನು ಹೊಕ್ಕಾಗ ಸ್ನಾನದ ತೊಟ್ಟಿಯಿಂದ ತರುಣಿಯೊಬ್ಬಳು ಎದ್ದು ಬಂದು ಅವನನ್ನು ಅಪ್ಪುತ್ತಾಳೆ. ಕನ್ನಡಿಯಲ್ಲಿ ನೋಡಿದರೆ ಅವಳು ಕೊಳೆತ ಮೈಯ ಮುದುಕಿ. ಚಿತ್ರವನ್ನು ಕಂಡವರು ಮರೆಯದ ದೃಶ್ಯವಿದು. ಈ ಲೇಖನದಲ್ಲಿ ನಾವು ಆ ದೃಶ್ಯದ ಭಯವನ್ನಲ್ಲ, ಆ ಕೊಠಡಿಯ ಸುತ್ತ ಹೆಣೆದುಕೊಂಡಿರುವ ಭೂತಕಾಲವನ್ನು ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಮೊದಲು ಕೊಠಡಿಯ ಸಂಖ್ಯೆ. ಕಾದಂಬರಿಯಲ್ಲಿ ಅದು ೨೧೭. ೧೯೭೪ರ ಅಕ್ಟೋಬರ್ ತಿಂಗಳ ಕೊನೆಯಲ್ಲಿ ಕಿಂಗ್ ದಂಪತಿಗಳು ಕಾಲರಾಡೊದ ಎಸ್ಟಿಸ್ ಪಾರ್ಕ್ ಎಂಬ ಊರಿನ ಸ್ಟಾನ್ಲಿ ಹೋಟೆಲಿನಲ್ಲಿ ಒಂದು ರಾತ್ರಿ ತಂಗಿದರು. ಹೋಟೆಲು ಚಳಿಗಾಲಕ್ಕಾಗಿ ಮುಚ್ಚುವ ಸಿದ್ಧತೆಯಲ್ಲಿದ್ದು ಬೇರೆ ಅತಿಥಿಗಳೇ ಇರಲಿಲ್ಲ. ಅವರಿಗೆ ದೊರೆತುದು ೨೧೭ನೆಯ ಕೊಠಡಿ. ಆ ರಾತ್ರಿ, ಮೂರು ವರ್ಷದ ತಮ್ಮ ಮಗನನ್ನು ಬೆಂಕಿ ಆರಿಸುವ ನೀರಿನ ಕೊಳವೆಯೊಂದು ಹೋಟೆಲಿನ ನಡುವಣೆಗಳಲ್ಲಿ ಬೆನ್ನಟ್ಟಿದಂತೆ ಕಿಂಗ್ ಅವರಿಗೆ ಕನಸು ಬಿತ್ತೆಂದೂ, ಎಚ್ಚತ್ತು ಒಂದು ಸಿಗರೇಟು ಸೇದಿ ಮುಗಿಸುವುದರೊಳಗೆ ಕಾದಂಬರಿಯ ಚೌಕಟ್ಟು ಮನಸ್ಸಿನಲ್ಲಿ ನಿಂತಿತೆಂದೂ ಅವರೇ ಹೇಳಿಕೊಂಡಿದ್ದಾರೆ. ಚಿತ್ರವನ್ನು ತೆಗೆಯುವಾಗ ಕ್ಯೂಬ್ರಿಕ್ ಅವರು ಹೋಟೆಲಿನ ಹೊರನೋಟಕ್ಕೆ ಆರಿಸಿಕೊಂಡುದು ಮಾತ್ರ ಆ ಹೋಟೆಲನ್ನಲ್ಲ. ಆರೆಗನ್ ಸಂಸ್ಥಾನದ ಹುಡ್ ಪರ್ವತದ ಮೇಲಿನ ಟಿಂಬರ್‌ಲೈನ್ ಲಾಡ್ಜನ್ನು. ಅಲ್ಲಿ ೨೧೭ ಎಂಬ ಕೊಠಡಿ ಇದ್ದಿತು. ಚಿತ್ರ ನೋಡಿದವರು ಆ ಕೊಠಡಿಯಲ್ಲಿ ಮಲಗಲು ಹೆದರಿಯಾರೆಂಬ ಶಂಕೆಯಿಂದ ಅಲ್ಲಿನ ವ್ಯವಸ್ಥಾಪಕರು, ತಮ್ಮಲ್ಲಿ ಇಲ್ಲದ ಸಂಖ್ಯೆಯನ್ನು ಉಪಯೋಗಿಸಬೇಕೆಂದು ಕೇಳಿಕೊಂಡರು. ಹೀಗೆ ೨೧೭ ಹೋಗಿ ೨೩೭ ಬಂದಿತು. ಈ ಸಂಖ್ಯೆಯಲ್ಲಿ ಗೂಢಾರ್ಥವನ್ನು ಹುಡುಕಿ ಪುಟಗಟ್ಟಲೆ ಬರೆದವರಿದ್ದಾರೆ. ನಮಗೆ ತಿಳಿದಮಟ್ಟಿಗೆ ಅದರ ಅರ್ಥ ಹೋಟೆಲಿನ ಲೆಕ್ಕದ ಪುಸ್ತಕದಲ್ಲಿದೆ. ವಿನೋದವೇನೆಂದರೆ, ವ್ಯವಸ್ಥಾಪಕರ ಭಯ ತಲೆಕೆಳಗಾಯಿತು: ಆ ಲಾಡ್ಜಿನಲ್ಲಿ ಅತಿಥಿಗಳು ಹೆಸರಿಟ್ಟು ಕೇಳುವ ಕೊಠಡಿಗಳಲ್ಲಿ ೨೧೭ನೆಯದೇ ಮೊದಲನೆಯದಾಗಿದೆ.

ಸ್ಟಾನ್ಲಿ ಹೋಟೆಲಿನ ನಿಜವಾದ ೨೧೭ನೆಯ ಕೊಠಡಿಗೆ ಒಂದು ಐತಿಹ್ಯವಿದೆ. ಅದನ್ನು ತೂಗಿ ನೋಡುವ ಮುನ್ನ ಹೋಟೆಲಿನ ಚರಿತ್ರೆಯನ್ನು ಸ್ವಲ್ಪ ತಿಳಿದಿರಬೇಕು. ಅದನ್ನು ಕಟ್ಟಿಸಿದವರು ಫ್ರೀಲನ್ ಆಸ್ಕರ್ ಸ್ಟಾನ್ಲಿ (೧೮೪೯-೧೯೪೦). ಇವರೂ ಇವರ ಅವಳಿ ಸೋದರ ಫ್ರಾನ್ಸಿಸ್ ಸ್ಟಾನ್ಲಿಯವರೂ ಸೇರಿ ಛಾಯಾಗ್ರಹಣಕ್ಕೆ ಬೇಕಾದ ಒಣ ಫಲಕಗಳನ್ನು ತಯಾರಿಸಿ ಶ್ರೀಮಂತರಾದರು. ಉಗಿಯಿಂದ ಓಡುವ ಮೋಟಾರು ಬಂಡಿಯನ್ನು ನಿರ್ಮಿಸಿ ಪ್ರಸಿದ್ಧರಾದರು. ಕ್ಷಯರೋಗದಿಂದ ಬಳಲುತ್ತಿದ್ದ ಫ್ರೀಲನ್ ೧೯೦೩ರಲ್ಲಿ ಒಣಹವೆಯನ್ನರಸಿ ಕಾಲರಾಡೊಕ್ಕೆ ಬಂದು, ಏಳೂವರೆ ಸಾವಿರ ಅಡಿ ಎತ್ತರದ ಎಸ್ಟಿಸ್ ಕಣಿವೆಯಲ್ಲಿ ಬೇಸಗೆಯನ್ನು ಕಳೆದು ಚೇತರಿಸಿಕೊಂಡರು. ಪೂರ್ವತೀರದ ಸಿರಿವಂತ ಸಮಾಜಕ್ಕೆ ಒಪ್ಪುವಂಥ ವಸತಿ ಅಲ್ಲಿ ಇರಲಿಲ್ಲವಾಗಿ ತಾವೇ ಹೋಟೆಲೊಂದನ್ನು ಕಟ್ಟಿಸಿ ೧೯೦೯ರ ಜುಲೈ ೪ರಂದು ತೆರೆದರು. ರೈಲ್ವೆ ನಿಲ್ದಾಣವಿದ್ದ ಲಯನ್ಸ್ ಎಂಬ ಊರಿನಿಂದ ಅತಿಥಿಗಳನ್ನು ಬೆಟ್ಟಕ್ಕೆ ಏರಿಸಿ ತರುತ್ತಿದ್ದುದು ಅವರ ಉಗಿಬಂಡಿಗಳೇ. ಫಾಲ್ ರಿವರ್ ಹೊಳೆಗೆ ಅವರು ಕಟ್ಟಿಸಿದ ಜಲವಿದ್ಯುದಾಗಾರದಿಂದ ಹೋಟೆಲಿಗೆ ಮೊದಲಿನಿಂದಲೂ ವಿದ್ಯುದ್ದೀಪ ದೊರೆಯಿತು. ಚಳಿಗಾಲದಲ್ಲಿ ಕಟ್ಟಡವನ್ನು ಬೆಚ್ಚಗಿಡುವ ಏರ್ಪಾಡು ಮಾತ್ರ ಇಲ್ಲದಿದ್ದುದರಿಂದ ಅದು ಬೇಸಗೆಯ ಹೋಟೆಲಾಗಿಯೇ ದಶಕಗಟ್ಟಲೆ ನಡೆಯಿತು. ಹಿಮದಲ್ಲಿ ಮುಚ್ಚಿ ಬಿದ್ದ ಹೋಟೆಲು ಎಂಬ ಕಿಂಗ್ ಅವರ ಕಲ್ಪನೆಗೆ ಈ ಕೊರತೆಯೇ ಬುನಾದಿ. ಉಗಿಯಂತ್ರದ ತಜ್ಞರೊಬ್ಬರ ಹೋಟೆಲಿಗೆ ಬೆಂಕಿಯ ಬಿಸಿ ಇರಲಿಲ್ಲವೆಂಬುದೂ ಒಂದು ಸ್ವಾರಸ್ಯವೇ ಸರಿ.

ವಿದ್ಯುತ್ತು ಕೈಕೊಟ್ಟಾಗ ಉಪಯೋಗಕ್ಕೆಂದು ಹೋಟೆಲಿನಲ್ಲಿ ಅನಿಲದ ದೀಪಗಳೂ ಇದ್ದವು. ೧೯೧೧ರ ಜೂನ್ ತಿಂಗಳಲ್ಲಿ ಸೋರಿದ್ದ ಅನಿಲಕ್ಕೆ ಕಿಡಿ ತಗುಲಿ ಸ್ಫೋಟವಾಯಿತು. ಕಟ್ಟಡದ ಒಂದು ಭಾಗ ಹಾಳಾಯಿತು. ದೀಪ ಹಚ್ಚಲು ಹೋಗಿದ್ದ ಪರಿಚಾರಿಕೆಯೊಬ್ಬರು ಗಾಯಗೊಂಡರು. ಹೋಟೆಲಿನ ಪರಂಪರೆ ಈಕೆಯನ್ನು ಎಲಿಜಬೆತ್ ವಿಲ್ಸನ್ ಎಂದು ಕರೆಯುತ್ತದೆ. ಆದರೆ ಆ ಕಾಲದ ವೃತ್ತಪತ್ರಿಕೆಗಳು ಗಾಯಗೊಂಡಾಕೆಯ ಹೆಸರನ್ನು ಒಂದೊಂದು ರೀತಿಯಲ್ಲಿ ಕೊಡುತ್ತವೆ. ಕೆಲಸದವಳೊಬ್ಬಳ ಹೆಸರನ್ನು ಸರಿಯಾಗಿ ಕೇಳಿ ಬರೆದುಕೊಳ್ಳುವಷ್ಟು ವ್ಯವಧಾನ ವರದಿಗಾರರಿಗೆ ಇರಲಿಲ್ಲವೆಂದು ಇದರಿಂದ ಊಹಿಸಬಹುದು. ಒಂದು ಸಂಗತಿ ಮಾತ್ರ ಸ್ಪಷ್ಟ: ಆಕೆ ಸಾಯಲಿಲ್ಲ. ಚಿಕಿತ್ಸೆಯ ವೆಚ್ಚವನ್ನು ಸ್ಟಾನ್ಲಿಯವರೇ ವಹಿಸಿದರೆಂದೂ, ಗುಣವಾದ ಮೇಲೆ ಆಕೆ ಅಲ್ಲಿಯೇ ಬಹುಕಾಲ ದುಡಿದರೆಂದೂ ಐತಿಹ್ಯ ಹೇಳುತ್ತದೆ. ಈಗ ಅದೇ ಐತಿಹ್ಯದ ಪ್ರಕಾರ ಆಕೆ ೨೧೭ನೆಯ ಕೊಠಡಿಯ ಪ್ರೇತ; ರಾತ್ರಿ ಬಂದು ಅತಿಥಿಗಳ ಸಾಮಾನನ್ನು ಬಿಚ್ಚಿ ಬಟ್ಟೆಗಳನ್ನು ಮಡಿಸಿಡುತ್ತಾರಂತೆ.

ಇಲ್ಲಿ ಗಮನಿಸಬೇಕಾದುದು ಒಂದುಂಟು. ಕಿಂಗ್ ಅವರ ಕಾದಂಬರಿಯ ೨೧೭ನೆಯ ಕೊಠಡಿಯ ಪ್ರೇತಕ್ಕೂ ಈ ಪರಿಚಾರಿಕೆಗೂ ಯಾವ ಸಂಬಂಧವೂ ಇಲ್ಲ. ಕಾದಂಬರಿಯ ಪ್ರೇತ ಮಿಸೆಸ್ ಮ್ಯಾಸಿ ಎಂಬ ಸಿರಿವಂತ ಅತಿಥಿ. ಯುವಕ ಪ್ರಿಯನು ಬಿಟ್ಟುಹೋದ ಮೇಲೆ ಸ್ನಾನದ ತೊಟ್ಟಿಯಲ್ಲಿ ಪ್ರಾಣ ಕಳೆದುಕೊಂಡವಳು. ಕೊಠಡಿಗೆ ಕೀರ್ತಿ ಬಂದುದು ಈ ಕಲ್ಪಿತ ಸಾವಿನಿಂದ. ಕೀರ್ತಿ ಬಂದ ಮೇಲೆ ಅದಕ್ಕೊಂದು ನಿಜವಾದ ಪ್ರೇತವೂ ಬೇಕಾಯಿತು. ಹುಡುಕಿದಾಗ ಹಳೆಯ ಪತ್ರಿಕೆಗಳಲ್ಲಿ ಸಿಕ್ಕವರು ಈಕೆ. ಹೀಗೆಂದು ನಮಗೆ ತೋರುತ್ತದೆ. ದೇವಾಲಯ ಪ್ರಸಿದ್ಧವಾದ ಮೇಲೆ ಅದಕ್ಕೆ ಸ್ಥಳಪುರಾಣ ರಚಿತವಾಗುವ ಕ್ರಮವನ್ನು ನಮ್ಮ ಶಾಸನಾಭ್ಯಾಸಿಗಳು ಬಲ್ಲರು. ಪುರಾಣದ ಋಷಿಯನ್ನು ಬದಿಗಿಟ್ಟು ಗೋಡೆಯ ಮೇಲಿನ ದತ್ತಿಶಾಸನವನ್ನು ಓದಿದಾಗ, ದೀಪಕ್ಕೆ ಎಣ್ಣೆ ಕೊಟ್ಟವರ ಹೆಸರು ತಿಳಿದುಬರುತ್ತದೆ. ಎಸ್ಟಿಸ್ ಪಾರ್ಕಿನಲ್ಲಿಯೂ ಕೇಳಬೇಕಾಗಿದ್ದ ಪ್ರಶ್ನೆಗಳು ಬೇರೆ ಇದ್ದವು. ಆ ಕೆಲಸದಾಕೆಗೆ ಸಂಬಳವೆಷ್ಟು? ಹೋಟೆಲು ಮುಚ್ಚಿದ ತಿಂಗಳುಗಳಲ್ಲಿ ಆಕೆಯ ಜೀವನ ಹೇಗೆ ಸಾಗುತ್ತಿತ್ತು? ಅನಿಲ ಸೋರುತ್ತಿದ್ದ ಕೊಠಡಿಗೆ ಬೆಂಕಿ ಹಿಡಿದು ಹೋಗುವಂತೆ ಹೇಳಿದವರು ಯಾರು? ಇವನ್ನು ಪ್ರೇತವನ್ನು ನೋಡಲು ಬರುವವರು ಕೇಳುವುದಿಲ್ಲ. ಸತ್ತ ಮೇಲೂ ಸಂಬಳವಿಲ್ಲದೆ ಅತಿಥಿಗಳ ಬಟ್ಟೆ ಮಡಿಸುವ ಕೆಲಸವನ್ನೇ ಐತಿಹ್ಯ ಆಕೆಗೆ ವಹಿಸಿದೆ. ಗಾಯಗೊಂಡು ಬದುಕಿದ ಒಬ್ಬ ಹೆಂಗಸನ್ನು ಕಥೆ ಹೀಗೆ ಸತ್ತವರ ಪಟ್ಟಿಗೆ ಸೇರಿಸಿದುದು ನಮಗೆ ಆಕಸ್ಮಿಕವಾಗಿ ಕಾಣುವುದಿಲ್ಲ. ಏಕೆಂದರೆ ಇದೇ ಬಗೆಯ, ಇದಕ್ಕಿಂತ ದೊಡ್ಡದಾದ ಇನ್ನೊಂದು ವ್ಯವಹಾರ ಚಿತ್ರದಲ್ಲಿಯೇ ಇದೆ. ಅದಕ್ಕೆ ಮುಂದೆ ಬರುತ್ತೇವೆ.

ಅದಕ್ಕೆ ಮುನ್ನ ಚಿತ್ರದ ಕೊನೆಯ ‘ದಾಖಲೆ’ಯನ್ನು ನೋಡಬೇಕು. ಎಲ್ಲವೂ ಮುಗಿದ ಮೇಲೆ ಕ್ಯಾಮೆರಾ ಹೋಟೆಲಿನ ಗೋಡೆಯ ಮೇಲೆ ತೂಗುಹಾಕಿದ ಹಳೆಯ ಛಾಯಾಚಿತ್ರವೊಂದರ ಬಳಿಗೆ ಮೆಲ್ಲನೆ ಸಾಗುತ್ತದೆ. ನೃತ್ಯಕೂಟವೊಂದರಲ್ಲಿ ನೆರೆದ ಜನರ ಮುಂದೆ ಜ್ಯಾಕ್ ನಗುತ್ತ ನಿಂತಿದ್ದಾನೆ. ಕೆಳಗೆ ಓವರ್‌ಲುಕ್ ಹೋಟೆಲು, ಜುಲೈ ೪ರ ನೃತ್ಯಕೂಟ, ೧೯೨೧ ಎಂಬರ್ಥದ ಬರೆಹ. ಈ ಛಾಯಾಚಿತ್ರ ಚಿತ್ರಕ್ಕಾಗಿ ತೆಗೆದದ್ದಲ್ಲ; ೧೯೨೧ರದೇ ನಿಜವಾದ ಚಿತ್ರವೊಂದನ್ನು ಆರಿಸಿ, ಅದರಲ್ಲಿದ್ದ ಒಬ್ಬರ ಮುಖದ ಜಾಗಕ್ಕೆ ನಟ ಜ್ಯಾಕ್ ನಿಕಲ್ಸನ್ ಅವರ ಮುಖವನ್ನು ಕೂಡಿಸಿದುದೆಂದು ಕ್ಯೂಬ್ರಿಕ್ ಅವರೇ ತಿಳಿಸಿದ್ದರು. ಆದರೆ ಎಲ್ಲಿಯ ಕೂಟ, ಯಾರ ಮುಖ ಎಂಬುದು ನಾಲ್ವತ್ತು ವರ್ಷಗಳಿಗಿಂತ ಹೆಚ್ಚು ಕಾಲ ಗೊತ್ತಾಗಲಿಲ್ಲ. ನಿವೃತ್ತ ಅಧ್ಯಾಪಕರಾದ ಅಲಾಸ್ಡೇರ್ ಸ್ಪಾರ್ಕ್ ಅವರೂ ಅವರ ಸಹಾಯಕರೂ ಪಟ್ಟುಹಿಡಿದು ಹುಡುಕಿದುದರ ಫಲವಾಗಿ ೨೦೨೫ರಲ್ಲಿ ಮೂಲಫಲಕ ಪತ್ತೆಯಾಯಿತು. ಅದು ಲಂಡನ್ನಿನ ಕೆನ್ಸಿಂಗ್ಟನ್ ಭಾಗದ ರಾಯಲ್ ಪ್ಯಾಲೆಸ್ ಹೋಟೆಲಿನಲ್ಲಿ ೧೯೨೧ರ ಫೆಬ್ರವರಿ ೧೪ರಂದು, ಪ್ರೇಮಿಗಳ ಹಬ್ಬದ ನೃತ್ಯಕೂಟದಲ್ಲಿ, ಪತ್ರಿಕೆಗಳಿಗೆ ಚಿತ್ರ ಒದಗಿಸುವ ಸಂಸ್ಥೆಯೊಂದು ತೆಗೆದ ಛಾಯಾಚಿತ್ರ. ಮುಖ ಕಳೆದುಕೊಂಡವರು ಸ್ಯಾಂಟೊಸ್ ಕಸಾನಿ ಎಂಬ ಆ ಕಾಲದ ನೃತ್ಯಶಿಕ್ಷಕರು. ಚಿತ್ರದಲ್ಲಿರುವವರನ್ನು ಕುರಿತು ನಾನಾ ಕರಾಳ ಊಹೆಗಳನ್ನು ಮಾಡಿದ್ದ ಅಭಿಮಾನಿಗಳಿಗೆ, ಅವರು ಸಂಜೆಯ ಹೊತ್ತು ಕುಣಿಯಲು ಬಂದ ಲಂಡನ್ನಿನ ಜನರೆಂಬುದು ನಿರಾಶೆಯನ್ನು ತಂದಿರಬೇಕು.

ಇತಿಹಾಸದ ವಿದ್ಯಾರ್ಥಿಗಳಿಗೆ ಈ ಸಂಶೋಧನೆ ಒಂದು ಒಳ್ಳೆಯ ಪಾಠವಾಗಬಲ್ಲುದು. ಛಾಯಾಚಿತ್ರದ ಕಾಗದ, ಉಡುಪು, ವರ್ಷ ಎಲ್ಲವೂ ನಿಜ. ಕೆಳಗಿನ ಬರೆಹ ಸುಳ್ಳು. ಕೂಟಶಾಸನವೆಂದರೆ ಪೂರ್ತಿ ಸುಳ್ಳೆಂದು ತಿಳಿಯಬಾರದೆಂದೂ, ನಿಜವಾದ ಅರಸನ ಹೆಸರೂ ತಿಥಿಯೂ ಅದರಲ್ಲಿ ಇರಬಹುದೆಂದೂ ನಾವು ತರಗತಿಯಲ್ಲಿ ಹೇಳುವುದುಂಟಲ್ಲವೆ? ಇದೂ ಅದೇ ಜಾತಿಯದು. ಅಲ್ಲದೆ ಇನ್ನೊಂದು ವಿರೋಧವನ್ನು ನೋಡಿ. ೧೯೨೧ರ ಕೂಟ ನಡೆಯಿತೆಂದು ಚಿತ್ರ ಹೇಳುವ ಕಟ್ಟಡದ ಹೊರಮೈ ಟಿಂಬರ್‌ಲೈನ್ ಲಾಡ್ಜಿನದು. ಆ ಲಾಡ್ಜಾದರೋ ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ ನಿರುದ್ಯೋಗಿಗಳಿಗೆ ಕೆಲಸ ಕೊಡುವ ಸರ್ಕಾರಿ ಯೋಜನೆಯಲ್ಲಿ ಕಟ್ಟಲ್ಪಟ್ಟು, ೧೯೩೭ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರಿಂದ ಸಮರ್ಪಿತವಾದುದು. ಒಳಗಿನ ವಿಶಾಲವಾದ ಅಂಗಣಗಳನ್ನು ಕ್ಯಾಲಿಫೋರ್ನಿಯದ ಯೊಸೆಮಿಟಿ ಕಣಿವೆಯಲ್ಲಿ ೧೯೨೭ರಲ್ಲಿ ತೆರೆದ ಅಹ್ವಾನಿ ಹೋಟೆಲಿನ ಮಾದರಿಯಲ್ಲಿ ಇಂಗ್ಲೆಂಡಿನ ಎಲ್‌ಸ್ಟ್ರೀ ಸ್ಟುಡಿಯೋದಲ್ಲಿ ಕಟ್ಟಿದರು. ಹೀಗೆ ಓವರ್‌ಲುಕ್ ಎಂಬುದು ನಾಲ್ಕೈದು ಊರುಗಳ ಭೂತಕಾಲಗಳನ್ನು ಕಿತ್ತು ಜೋಡಿಸಿದ ಕಟ್ಟಡ. ಕಲಾಕೃತಿಗೆ ಇದರಿಂದ ಕುಂದಿಲ್ಲ. ಯಾವುದು ಎಲ್ಲಿಂದ ಬಂದಿತೆಂದು ಬಿಡಿಸುವುದು ಮಾತ್ರ ನಮ್ಮ ಕೆಲಸ.

ಇನ್ನು ಚಿತ್ರದ ಅತ್ಯಂತ ಗಂಭೀರವಾದ ಹೇಳಿಕೆಗೆ ಬರೋಣ. ಹೋಟೆಲಿನ ವ್ಯವಸ್ಥಾಪಕನು ಟಾರನ್ಸ್ ದಂಪತಿಗಳಿಗೆ ಕಟ್ಟಡವನ್ನು ತೋರಿಸುತ್ತ, ನಿರ್ಮಾಣ ೧೯೦೭ರಲ್ಲಿ ಆರಂಭವಾಗಿ ೧೯೦೯ರಲ್ಲಿ ಮುಗಿಯಿತೆಂದೂ, ಈ ಸ್ಥಳ ಇಂಡಿಯನ್ನರ, ಎಂದರೆ ಅಮೆರಿಕದ ಮೂಲನಿವಾಸಿಗಳ, ಸಮಾಧಿಭೂಮಿಯೆಂದು ಹೇಳುತ್ತಾರೆಂದೂ, ಕಟ್ಟುವಾಗ ಅವರ ಕೆಲವು ದಾಳಿಗಳನ್ನು ಹಿಮ್ಮೆಟ್ಟಿಸಬೇಕಾಯಿತೆಂದೂ ತಿಳಿಸುತ್ತಾನೆ. ನಡೆಯುತ್ತ ಆಡಿಬಿಡುವ ಮಾತು. ಕೇಳಿದವರು ಅದನ್ನು ಮುಂದುವರಿಸುವುದಿಲ್ಲ. ಕಾದಂಬರಿಯಲ್ಲಿ ಈ ಮಾತಿಲ್ಲ. ಇದು ಚಿತ್ರದ ಸೇರ್ಪಡೆ. ಮಾತಿನ ಮೊದಲನೆಯ ಭಾಗ ಸ್ಟಾನ್ಲಿ ಹೋಟೆಲಿನ ಕಾಲಕ್ಕೆ ಒಪ್ಪುತ್ತದೆ. ಉಳಿದುದನ್ನು ಎಸ್ಟಿಸ್ ಕಣಿವೆಯ ಚರಿತ್ರೆಯೊಡನೆ ಇಟ್ಟು ನೋಡಬೇಕು.

ಆ ಕಣಿವೆ ಯೂಟ್ ಮತ್ತು ಅರಪಾಹೊ ಜನಗಳು ಬೇಸಗೆಯಲ್ಲಿ ಬೇಟೆಗೆ ಬಂದು ಬೀಡುಬಿಡುತ್ತಿದ್ದ ನೆಲ. ೧೮೫೧ರ ಫೋರ್ಟ್ ಲಾರಮಿ ಒಪ್ಪಂದದಲ್ಲಿ ಉತ್ತರ ಪ್ಲಾಟ್ ನದಿಗೂ ಆರ್ಕನ್ಸಾ ನದಿಗೂ ನಡುವಣ ಪ್ರದೇಶ ಅರಪಾಹೊ ಮತ್ತು ಶೈಯೆನ್ ಜನರದೆಂದು ಅಮೆರಿಕದ ಸರ್ಕಾರವೇ ಒಪ್ಪಿಕೊಂಡಿತು. ಏಳು ವರ್ಷಗಳು ಕಳೆಯುವುದರೊಳಗೆ ಅಲ್ಲಿ ಚಿನ್ನ ಸಿಕ್ಕಿತು. ಒಪ್ಪಂದ ಕಾಗದದಲ್ಲಿ ಉಳಿಯಿತು. ೧೮೬೪ರ ನವೆಂಬರ್ ೨೯ರಂದು ಸ್ಯಾಂಡ್ ಕ್ರೀಕ್ ಎಂಬಲ್ಲಿ, ಶಾಂತಿಯ ಭರವಸೆಯಿಂದ ಬೀಡುಬಿಟ್ಟಿದ್ದ ಶೈಯೆನ್ ಮತ್ತು ಅರಪಾಹೊ ಜನರ ಮೇಲೆ ಕರ್ನಲ್ ಷಿವಿಂಗ್ಟನ್ನನ ದಳಗಳು ಬಿದ್ದವು. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು, ವೃದ್ಧರು. ೧೮೭೮ರಲ್ಲಿ ಉತ್ತರದ ಅರಪಾಹೊ ಜನರನ್ನು ವಯೋಮಿಂಗಿನ ವಿಂಡ್ ರಿವರ್ ಪ್ರದೇಶಕ್ಕೆ ಸಾಗಿಸಲಾಯಿತು; ದಕ್ಷಿಣದವರು ಅದಕ್ಕೆ ಮೊದಲೇ ಈಗಿನ ಒಕ್ಲಹೋಮಕ್ಕೆ ಹೋಗಬೇಕಾಗಿತ್ತು. ಯೂಟ್ ಜನರಲ್ಲಿ ವೈಟ್ ರಿವರ್ ಪಂಗಡವನ್ನು ೧೮೮೧ರಲ್ಲಿ ಯೂಟಾಕ್ಕೆ ಅಟ್ಟಿದರು. ಆದುದರಿಂದ ೧೯೦೭ರಲ್ಲಿ ಹೋಟೆಲು ಕಟ್ಟುವವರ ಮೇಲೆ ದಾಳಿ ಮಾಡಲು ಆ ಕಣಿವೆಯಲ್ಲಿ ಯಾರೂ ಉಳಿದಿರಲಿಲ್ಲ. ಹೊರದೂಡುವ ಕೆಲಸ ಕಾಲು ಶತಮಾನಕ್ಕೆ ಹಿಂದೆಯೇ, ಒಪ್ಪಂದಪತ್ರ ಮತ್ತು ಬಂದೂಕುಗಳ ಸಹಾಯದಿಂದ, ಪೂರೈಸಿತ್ತು.

ನೆಲ ಯಾರ ಕೈಗೆ ಹೋಯಿತು? ೧೮೬೨ರ ಕಾಯಿದೆಯ ಪ್ರಕಾರ ಸ್ವಂತವಾಗಿ ಉತ್ತು ನೆಲೆಸುವ ಒಕ್ಕಲಿಗೆ ೧೬೦ ಎಕರೆ ಸರ್ಕಾರಿ ಭೂಮಿ ದೊರೆಯುತ್ತಿತ್ತು. ೧೮೭೨ರಲ್ಲಿ ಬೇಟೆಗೆ ಬಂದು ಕಣಿವೆಗೆ ಮನಸೋತ ಡನ್‌ರೇವನ್ ಎಂಬ ಐರ್ಲೆಂಡಿನ ಜಹಗೀರುದಾರರು, ಅಲ್ಲಿ ಎಂದೂ ನೆಲೆಸದವರ ಹೆಸರಿನಲ್ಲಿ ಅರ್ಜಿಗಳನ್ನು ಹಾಕಿಸಿ, ಅವನ್ನು ಕೊಂಡುಕೊಂಡಂತೆ ಮಾಡಿ, ಸಾವಿರಾರು ಎಕರೆಗಳನ್ನು ತಮ್ಮದಾಗಿಸಿಕೊಂಡರು. ಬೇನಾಮಿ ವ್ಯವಹಾರವೆಂಬುದಕ್ಕೆ ನಮ್ಮಲ್ಲಿ ವಿವರಣೆ ಬೇಕಾಗದು. ಅವರಿಂದ ಆ ಭೂಮಿಯನ್ನು ಕೊಂಡವರಲ್ಲಿ ಫ್ರೀಲನ್ ಸ್ಟಾನ್ಲಿ ಒಬ್ಬರು. ಸ್ಟಾನ್ಲಿಯವರ ಕ್ರಯ ನ್ಯಾಯಬದ್ಧವಾದುದೇ. ಆದರೂ ಹೋಟೆಲಿನ ತಳಪಾಯದ ಕೆಳಗೆ ಏನಾದರೂ ಹುದುಗಿದೆ ಎನ್ನುವುದಾದರೆ, ಅದು ಕಾಲರಾಡೊದ ನೋಂದಣಿ ಕಚೇರಿಗಳಲ್ಲಿ ಹಗಲು ಹೊತ್ತಿನಲ್ಲಿ ಸಿದ್ಧವಾದ ಈ ಕಾಗದಗಳ ಸರಣಿ.

ಸಮಾಧಿಭೂಮಿಯ ಕಲ್ಪನೆ ಮೂಲನಿವಾಸಿಗಳಿಗೆ ಆದ ಅನ್ಯಾಯವನ್ನು ನೆನಪಿಸುತ್ತದೆಯೆಂದೂ, ಇಡೀ ಚಿತ್ರವೇ ಆ ಅನ್ಯಾಯದ ರೂಪಕವೆಂದೂ ವ್ಯಾಖ್ಯಾನಿಸಿದ ವಿಮರ್ಶಕರಿದ್ದಾರೆ. ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಚಿತ್ರದಲ್ಲಿ ಹಾಲೊರಾನ್ ಆಡುವ ಮಾತೊಂದು ಅದಕ್ಕೆ ಪೋಷಕವಾಗಿದೆ: ರೊಟ್ಟಿ ಕರಿಕಾದ ಮೇಲೆ ವಾಸನೆ ಉಳಿಯುವಂತೆ, ನಡೆದುಹೋದ ಸಂಗತಿಗಳೂ ತಮ್ಮ ಕುರುಹನ್ನು ಉಳಿಸುತ್ತವೆ ಎಂಬುದು ಅವನ ಸಿದ್ಧಾಂತ. ಇತಿಹಾಸಕಾರನ ಶ್ರದ್ಧೆಯೂ ಅದೇ. ಆದರೆ ಸಮಾಧಿಯ ಮಾತು ಒಂದು ಅನುಕೂಲವನ್ನೂ ಮಾಡಿಕೊಡುತ್ತದೆಂಬುದನ್ನು ಮರೆಯಬಾರದು. ಆ ಜನರೆಲ್ಲರೂ ಸತ್ತರು, ಈಗ ಉಳಿದಿರುವುದು ಅವರ ಶಾಪವೊಂದೇ ಎಂದಾಗ, ಪ್ರೇಕ್ಷಕನು ಹೆದರಬಹುದು, ಮರುಗಲೂಬಹುದು. ಯಾರಿಗೂ ಉತ್ತರ ಕೊಡಬೇಕಾಗಿಲ್ಲ. ಪ್ರೇತಕ್ಕೆ ಭೂಮಿಯ ಮೇಲೆ ಹಕ್ಕಿಲ್ಲ. ಅದೇ ದೃಶ್ಯದಲ್ಲಿ ಹೋಟೆಲಿನ ಗೋಡೆಯ ಚಿತ್ತಾರಗಳು ನವಾಹೊ ಮತ್ತು ಅಪಾಚಿ ಮಾದರಿಯವೆಂದು ವ್ಯವಸ್ಥಾಪಕನು ಹೆಮ್ಮೆಯಿಂದ ಹೇಳುತ್ತಾನೆ. ಇವರಿಬ್ಬರೂ ನೈರುತ್ಯದ ಮರುಭೂಮಿಯ ಕಡೆಯ ಜನ. ಎಸ್ಟಿಸ್ ಕಣಿವೆಯ ನಿಜವಾದ ವಾರಸುದಾರರ ಹೆಸರು ಚಿತ್ರದಲ್ಲಿ ಒಮ್ಮೆಯೂ ಬರುವುದಿಲ್ಲ. ಪರಿಚಾರಿಕೆಯ ವಿಷಯದಲ್ಲಿ ಕಂಡ ಕ್ರಮವೇ ಇಲ್ಲಿ ಒಂದು ಜನಾಂಗಕ್ಕೆ ಅನ್ವಯಿಸಿದೆ: ಬದುಕಿರುವವರನ್ನು ಸತ್ತವರೆಂದು ಬರೆದು, ಹೆಸರನ್ನು ಅಳಿಸಿ, ಅಲಂಕಾರಕ್ಕೆ ಇಟ್ಟುಕೊಳ್ಳುವುದು.

ಉತ್ತರದ ಅರಪಾಹೊ ಜನರು ಇಂದಿಗೂ ವಿಂಡ್ ರಿವರಿನಲ್ಲಿದ್ದಾರೆ. ಹೋಟೆಲು ತೆರೆದ ಐದು ವರ್ಷಗಳ ಮೇಲೆ, ೧೯೧೪ರ ಬೇಸಗೆಯಲ್ಲಿ, ಅವರಲ್ಲಿ ಇಬ್ಬರು ಹಿರಿಯರು ಎಸ್ಟಿಸ್ ಪಾರ್ಕಿಗೆ ಬಂದರು. ಆ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವನ್ನಾಗಿಸಲು ಯತ್ನಿಸುತ್ತಿದ್ದ ಕಾಲರಾಡೊ ಪರ್ವತಾರೋಹಿಗಳ ಸಂಘವು, ಬೆಟ್ಟಕಣಿವೆಗಳ ಹಳೆಯ ಹೆಸರುಗಳನ್ನು ತಿಳಿಯಲೆಂದು ಅವರನ್ನು ಕರೆಸಿತ್ತು. ಗನ್ ಗ್ರಿಸ್ವೋಲ್ಡ್, ಷರ್ಮನ್ ಸೇಜ್ ಎಂಬ ಆ ಇಬ್ಬರು, ದುಭಾಷಿ ಟಾಮ್ ಕ್ರಿಸ್ಪಿನ್ ಅವರೊಡನೆ ಸುಮಾರು ಎರಡು ವಾರ ಕುದುರೆಗಳ ಮೇಲೆ ಸುತ್ತಾಡಿ, ಹಾದಿ ಹಾದಿಯ ಹೆಸರನ್ನು ಹೇಳಿದರು. ಆಲಿವರ್ ಟಾಲ್ ಎಂಬ ತರುಣರು ಬರೆದುಕೊಂಡರು. ಆ ಬರೆಹ ೧೯೬೨ರಲ್ಲಿ ಪುಸ್ತಕವಾಗಿ ಅಚ್ಚಾಯಿತು. ‘ಎಂದೂ ಬೇಸಗೆಯಿಲ್ಲದ ಬೆಟ್ಟಗಳು’ ಎಂಬರ್ಥದಲ್ಲಿ ಈಗ ನಕಾಶೆಗಳಲ್ಲಿರುವ ಹೆಸರು ಅವರಿಂದ ಬಂದುದು.

ಸ್ಟಾನ್ಲಿ ಹೋಟೆಲಿನ ಜಗಲಿಯಿಂದ ದಕ್ಷಿಣಕ್ಕೆ ನೋಡಿದರೆ ಲಾಂಗ್ಸ್ ಪೀಕ್ ಎಂಬ ಶಿಖರ ಕಾಣುತ್ತದೆ. ಅದರ ಪಕ್ಕದಲ್ಲಿ ಮೀಕರ್ ಶಿಖರ. ಮೊದಲನೆಯದರ ಹೆಸರು, ೧೮೨೦ರಲ್ಲಿ ಅದನ್ನು ಬಯಲಿನಿಂದ ಕಂಡು ಮುಂದೆ ಸಾಗಿದ ಸೈನ್ಯಾಧಿಕಾರಿ ಸ್ಟೀಫನ್ ಲಾಂಗ್‌ನದು. ಎರಡನೆಯದು ಯೂಟ್ ಜನರ ಕೈಯಲ್ಲಿ ೧೮೭೯ರಲ್ಲಿ ಹತನಾದ ನೇಥನ್ ಮೀಕರನದು. ಅರಪಾಹೊ ಹಿರಿಯರು ಇವೆರಡನ್ನೂ ಒಟ್ಟಾಗಿ ‘ಇಬ್ಬರು ದಾರಿತೋರುವವರು’ ಎಂದು ಕರೆದರು. ಬಯಲಿನಿಂದ ಮನೆಗೆ ಮರಳುವವರಿಗೆ ದೂರದಿಂದಲೇ ಕಾಣುವ ಗುರುತುಗಳವು. ಲಾಂಗ್ಸ್ ಪೀಕನ್ನು ಮೊಟ್ಟಮೊದಲು ಏರಿದವರು ೧೮೬೮ರಲ್ಲಿ ಪೋವೆಲ್ ಎಂಬವರ ತಂಡದವರೆಂದು ಪುಸ್ತಕಗಳು ದಾಖಲಿಸುತ್ತವೆ. ಆ ಶಿಖರದ ನೆತ್ತಿಯ ಮೇಲೆ ತಮ್ಮ ತಂದೆ ಗುಳಿಯಲ್ಲಿ ಅಡಗಿ ಕುಳಿತು ಹದ್ದುಗಳನ್ನು ಹಿಡಿಯುತ್ತಿದ್ದರೆಂದು ಗ್ರಿಸ್ವೋಲ್ಡ್ ಅವರು ೧೯೧೪ರಲ್ಲಿ ಟಾಲ್ ಅವರಿಗೆ ಹೇಳಿದರು.